‘ಹೌದ್ರೀ ಸರ್’ ಅನ್ನದ ದಿನ

ಇದು ನಡೆದದ್ದೋ, ನಡೆದಿದ್ದರೆ ಚೆನ್ನಾಗಿತ್ತೆಂದು ನಾನೇ ಕಟ್ಟಿಕೊಂಡದ್ದೋ, ಈಗ ಖಾತ್ರಿಯಿಲ್ಲ. ಶಿಕ್ಷಕರ ತರಬೇತಿಗಳಲ್ಲಿ ಹೇಳಿ ಹೇಳಿ, ನನಗೇ ಯಾರೋ ಹೇಳಿದ ಕಥೆಯ ಹಾಗಾಗಿದೆ.

ನವಲಗುಂದದ ಕಡೆಯ ನಮ್ಮ ಶಾಲೆಯಲ್ಲಿ ಮಕ್ಕಳು ಮಾತಾಡುವುದಿಲ್ಲ ಎನ್ನುವಂತಿಲ್ಲ. ‘ತಿಳೀತೇನು?’ ಎಂದರೆ ಇಡೀ ಆರನೆಯ ತರಗತಿ ಒಂದೇ ರಾಗದಲ್ಲಿ ‘ಹೌದ್ರೀ ಸರ್’ ಎನ್ನುತ್ತದೆ. ಒಮ್ಮೆ ಬೇಸತ್ತು, ‘ಎಮ್ಮಿ ತತ್ತಿ ಇಡ್ತದ, ತಿಳೀತೇನು?’ ಎಂದೆ. ಅದಕ್ಕೂ ‘ಹೌದ್ರೀ ಸರ್.’ ನಗುವ ಹಕ್ಕು ನನಗಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂವಾದದ ಮಹತ್ವ ಕುರಿತು ಎರಡು ವರ್ಷ ಉಪನ್ಯಾಸ ಕೇಳಿದವನು ನಾನು; ಅಲ್ಲಿಯೂ ಯಾರೂ ಬಾಯಿ ಬಿಟ್ಟಿರಲಿಲ್ಲ.

ನೆನಪಿನ ಪ್ರಕಾರ ಅವತ್ತು ನೀರಿನ ಪಾಠ. ಈ ಊರಲ್ಲಿ ಕುಡಿಯುವ ನೀರಿನ ಕೆರೆಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಏರಿಯ ಹೊರಗೇ ಬಿಡಬೇಕು. ಯಾಕೆ ಎಂದು ಕೇಳಿ, ಗಂಟಲು ನೋಯುತ್ತಿದ್ದುದರಿಂದ ಸುಮ್ಮನೆ ಕುಳಿತೆ. ತರಬೇತಿಗಳಲ್ಲಿ ಈ ಗಂಟಲುನೋವನ್ನು ‘ವಿಧಾನ’ ಎನ್ನುತ್ತೇನೆ. ಬಹಳ ಹೊತ್ತಿನ ಮೇಲೆ, ಎಂದೂ ಮಾತಾಡದ ರೇಣುಕಾ ಎದ್ದು ನಿಂತಳು.

‘ಸರ್, ನಾವು ಚಪ್ಪಲಿ ಬಿಡ್ತೀವ್ರಿ. ನೀರು ಒಯ್ಯೋ ಟ್ರ್ಯಾಕ್ಟರ್ ಸೀದಾ ಒಳಗ ಇಳೀತದಲ್ರಿ, ಅದು ಗಾಲಿ ಬಿಚ್ಚಿಟ್ಟು ಬರ್ತದೇನ್ರಿ?’

‘ಏ, ಅದು ನಮ್ಮ ಕಾಕಾಂದು!’ ಎಂದ ಹಿಂದಿನ ಸಾಲಿನ ಒಬ್ಬ.

‘ನಿಮ್ಮ ಕಾಕಾಂದಾದ್ರ ಕೆಸರು ಹತ್ತೂದಿಲ್ಲೇನಲೇ?’ ಎಂದ ಬಾಜೂದವನು.

ಗಂಟೆ ಹೊಡೆದರೂ ವಾದ ನಿಲ್ಲಲಿಲ್ಲ. ‘ಹೌದ್ರೀ ಸರ್’ ಎಂದು ಯಾರೂ ಅನ್ನಲಿಲ್ಲ.

ಪಕ್ಕದ ತರಗತಿಯ ಬಸಮ್ಮ ಟೀಚರ್ ಮೊನ್ನೆ ಇದನ್ನು ಕೇಳಿ ನಕ್ಕರು. ‘ಗದ್ದಲ ಕೇಳಿಸಿತ್ರಿ. ಆ ಹುಡುಗಿ ಧ್ವನಿ ಮಾತ್ರ ಕೇಳಿಸಲಿಲ್ಲ. ನೀವ ಕೇಳಿ, ನೀವ ಹೇಳಿರಬೇಕು ನೋಡ್ರಿ.’

ಅದು ಚುಚ್ಚಿತು. ನಾನು ಬಾಯಿ ಮುಚ್ಚಿದರೆ ಮಕ್ಕಳು ಬಾಯಿ ಬಿಡುತ್ತಾರೆಂಬ ನಂಬಿಕೆಗೆ ನನ್ನ ಬಳಿಯಿರುವ ಸಾಕ್ಷಿ ಇದೊಂದೇ. ಅದೂ ಹೋದರೆ ಉಳಿದ ನೌಕರಿಯನ್ನೆಲ್ಲ ‘ತಿಳೀತೇನು?’ ಎನ್ನುತ್ತಲೇ ಕಳೆಯಬೇಕು. ಈಗ ಹೈಸ್ಕೂಲಿಗೆ ಹೋಗುವ ರೇಣುಕಾ ಬಸ್ಸಿನಲ್ಲಿ ಸಿಕ್ಕಳು. ‘ಗಾಲಿ ಮಾತು ನೀನ ಅಂದಿದ್ದಿ, ಹೌದಿಲ್ಲೋ?’ ಎಂದೆ.

‘ಹೌದ್ರೀ ಸರ್,’ ಎಂದಳು.

ಆ ಉತ್ತರದ ಬೆಲೆ ನನಗೆ ಗೊತ್ತು. ಭಾನುವಾರ ಕೆರೆಗೇ ಹೋದೆ. ಟ್ರ್ಯಾಕ್ಟರ್ ಇಳಿಯುತ್ತಿದ್ದ ದಾರಿಗೆ ಅಡ್ಡಲಾಗಿ ಕಲ್ಲು ನೆಟ್ಟಿದ್ದರು. ಯಾಕೆಂದು ಕೆರೆ ಕಾಯುವವನನ್ನು ಕೇಳಿದೆ.

‘ಸಾಲಿ ಹುಡುಗ್ರು ಮನಿಮನ್ಯಾಗ ಗಾಲಿ ಗಾಲಿ ಅಂತ ತಲಿ ತಿಂದ್ರಂತ್ರಿ.’

ಮೊದಲು ಕೇಳಿದವರು ಯಾರೆಂದು ಅವನಿಗೂ ಗೊತ್ತಿಲ್ಲ. ಟ್ರ್ಯಾಕ್ಟರ್ ಮಾತ್ರ ಏರಿಯ ಹೊರಗೆ, ಬಿಟ್ಟ ಚಪ್ಪಲಿಗಳ ಸಾಲಿನಲ್ಲಿ ನಿಂತಿತ್ತು. ಇದನ್ನು ಕಣ್ಣಾರೆ ನೋಡಿ ಬಂದಿದ್ದೇನೆ.