ಅಡ್ಡ ಗೀರು ಬಿದ್ದ ಹೊಸ ರಾಡು

ಕಳೆದ ವಾರ ಗದಗದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ಒಣಮೆಣಸಿನಕಾಯಿಯ ಘಾಟು ಮತ್ತು ಡೀಸೆಲ್ ಹೊಗೆ ಎರಡೂ ಕೂಡಿ ಮೂಗಿಗೆ ಬಂದವು. ಕರೆಂಟು ಹೋಗಿದ್ದರಿಂದ ಯಾರೋ ಖಾರ ಕುಟ್ಟುವ ಯಂತ್ರವನ್ನು ಎಂಜಿನ್ನಿಗೆ ಜೋಡಿಸಿ ನಡೆಸುತ್ತಿದ್ದರು. ನಾನು ಸೀನುತ್ತ ಅಲ್ಲಿಯೇ ನಿಂತುಬಿಟ್ಟೆ. ಆ ವಾಸನೆ ನನ್ನ ಮಟ್ಟಿಗೆ ಒಬ್ಬರೇ ವ್ಯಕ್ತಿಗೆ ಸೇರಿದ್ದು... ಹರ್ತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಅವರಿಗೆ. ಅವರು ನನಗೆ ರಕ್ತಸಂಬಂಧಿಗಳಲ್ಲವೆಂಬುದನ್ನು ಮೊದಲಿಗೇ ಸ್ಪಷ್ಟಪಡಿಸಬಯಸುತ್ತೇನೆ. ಊರಿನವರೆಲ್ಲ ಅವರನ್ನು ಖಾರದ ಕಾಕಾ ಎಂದು ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ.

ಕಚೇರಿಯ ಪತ್ರಗಳನ್ನು ಹೊರತುಪಡಿಸಿ ನಾನು ಇದುವರೆಗೆ ಬೇರೇನನ್ನೂ ಬರೆದವನಲ್ಲ. ಆದಕಾರಣ ಈ ಬರಹದಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ನಿವೇದಿಸಲು ಪ್ರಯತ್ನಿಸುತ್ತೇನೆ.

ಕಾಕಾ ಅವರ ಬಳಿ ಚಿಕ್ಕ ಟ್ರೇಲರಿನ ಮೇಲೆ ಕೂರಿಸಿದ ಒಂದು ಡೀಸೆಲ್ ಎಂಜಿನ್ ಇತ್ತು. ಅದಕ್ಕೆ ಬೆಲ್ಟಿನಿಂದ ಖಾರ ಕುಟ್ಟುವ ಯಂತ್ರ ಜೋಡಣೆಯಾಗಿತ್ತು. ಬೇಸಿಗೆ ಹತ್ತಿರವಾದೊಡನೆ ಅವರು ಅದನ್ನು ಎಳೆಸಿಕೊಂಡು ಹೊಂಬಳ, ಹಿರೇಹಂದಿಗೋಳ ಮುಗಿಸಿ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದ ಕಡೆಗೂ ಹೋಗಿಬರುತ್ತಿದ್ದರು. ಯಂತ್ರ ನಿಂತ ಮನೆಯ ಮುಂದೆ ಓಣಿಯ ಹೆಂಗಸರು ಒಣಗಿಸಿದ ಮೆಣಸಿನಕಾಯಿಯ ಬುಟ್ಟಿಗಳನ್ನು ಸಾಲಾಗಿ ಇಡುತ್ತಿದ್ದರು. ಎಂಜಿನ್ನಿನ ಒಂದು ಬದಿಗೆ ಹ್ಯಾಂಡಲ್ ಮತ್ತು ಎಣ್ಣೆಯ ಟ್ಯಾಂಕು; ಅಲ್ಲಿ ಕಾಕಾ ನಿಲ್ಲುತ್ತಿದ್ದರು. ಇನ್ನೊಂದು ಬದಿಗೆ ಮೆಣಸಿನಕಾಯಿ ಸುರಿಯುವ ಡಬ್ಬಿ. ಅಲ್ಲಿ ಅವರ ಪತ್ನಿ, ಅಂದರೆ ನಮ್ಮ ಕಕ್ಕಿ, ಮೂಗಿಗೆ ಸೆರಗು ಬಿಗಿದುಕೊಂಡು ನಿಲ್ಲುತ್ತಿದ್ದರು. ಅವರಿಬ್ಬರ ಜಾಗಗಳು ಬದಲಾದದ್ದನ್ನು ನಾನು ಎಂದೂ ನೋಡಿಲ್ಲ.

ಈ ಕಸುಬಿನಲ್ಲಿ ಒಂದು ಅಲಿಖಿತ ನಿಯಮವಿತ್ತು. ಒಂದು ಓಣಿಯಲ್ಲಿ ಮೊದಲು ಯಾರ ಯಂತ್ರ ನಿಲ್ಲುತ್ತದೆಯೋ, ಆ ವರ್ಷ ಆ ಓಣಿ ಅವರದೇ. ಮಧ್ಯದಲ್ಲಿ ಇನ್ನೊಬ್ಬರು ಬಂದು ಹೊಗುವಂತಿರಲಿಲ್ಲ. ಆ ವರ್ಷ ಹೊಂಬಳದ ಮದುವೆ ಮನೆಯೊಂದು ಕಾಕಾ ಅವರಿಗೆ ಮೊದಲೇ ಹೇಳಿಟ್ಟಿತ್ತು. ಅಷ್ಟರಲ್ಲಿ ಎಂಜಿನ್ ನೀಲಿ ಹೊಗೆ ಬಿಡಲಾರಂಭಿಸಿತು, ಆಯಿಲ್ ಕುಡಿಯಿತು, ಕೊನೆಗೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಹತ್ತಲಿಲ್ಲ. ಬೆಟಗೇರಿಯಿಂದ ಮೇಸ್ತ್ರಿಯವರು ಬಂದು ಬೇವಿನ ಮರದ ಕೆಳಗೆ ಅದನ್ನು ಪೂರ್ತಿ ಬಿಚ್ಚಿಹಾಕಿದರು. ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆಯಾದ ಲೈನರ್, ಪಿಸ್ಟನ್, ಪಿಸ್ಟನ್ನನ್ನು ಮೇಲೆ ಕೆಳಗೆ ಎಳೆದಾಡುವ ಕನೆಕ್ಟಿಂಗ್ ರಾಡು, ಪಕ್ಕದ ಕವರು, ಇಷ್ಟೂ ಹೊಸದಾಗಿ ಬೇಕೆಂದು ತೀರ್ಮಾನವಾಯಿತು.

ಸಾಮಾನು ಗದಗದ ಅಂಗಡಿಗೆ ಬಂದಾಗ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ದಾರಿಯಲ್ಲಿ ಎಲ್ಲಿಯೋ ಬಿದ್ದಿರಬೇಕು. ಬೇಕಾದರೆ ಮರಳಿ ಕಳಿಸಬಹುದು, ಆದರೆ ಬದಲಿ ಸಾಮಾನು ಬರಲು ವಾರದ ಮೇಲಾಗುತ್ತದೆ ಎಂದು ಅಂಗಡಿಯವರು ತಿಳಿಸಿದರು. ನನ್ನ ಬಳಿ ಮೋಟಾರ್ ಸೈಕಲ್ ಇದ್ದುದರಿಂದ ಪೆಟ್ಟಿಗೆಯನ್ನು ಹರ್ತಿಗೆ ತಲುಪಿಸುವ ಕೆಲಸ ನನ್ನದಾಗಿತ್ತು. ಮರುದಿನ ರಜೆಯೂ ಇದ್ದುದರಿಂದ ಮುಂದಿನದೆಲ್ಲವನ್ನೂ ನಾನು ಖುದ್ದಾಗಿ ನೋಡಿದ್ದೇನೆ.

ಮೇಸ್ತ್ರಿಯವರು ಸಾಮಾನುಗಳನ್ನು ಗೋಣಿತಟ್ಟಿನ ಮೇಲೆ ಹರಡಿದರು. ಕವರಿಗೆ ತಗ್ಗು ಬಿದ್ದಿತ್ತು. ಲೈನರಿನ ಹೊರಮೈ ಬಣ್ಣ ಕಿತ್ತು ಕೆರೆದಂತಾಗಿತ್ತು. ರಾಡಿನ ನಡುವೆ ಉಗುರಿನಿಂದ ಎಳೆದಂತೆ ಒಂದು ಅಡ್ಡ ಗೀರು. ಪಿಸ್ಟನ್ ಮಾತ್ರ ನಿರ್ಮಲವಾಗಿತ್ತು.

"ಮುಕ್ಕಾದ ಸಾಮಾನಿಗೆ ಪೂಜಿ ಮಾಡೀರಿ ನೀವು" ಎಂದು ಕಕ್ಕಿ ಕಾಕಾ ಅವರಿಗೆ ಅಂದರು. "ಅಕ್ಷತಿಗೆ ನುಚ್ಚ ಹಾಕ್ತಾರೇನ ಯಾರರ?"

"ಅಕ್ಷತಿಗೆ ಹಾಕೂದಿಲ್ಲ. ಉಣ್ಣಾಕ ನಡೀತೈತೆಲ್ಲ" ಎಂದರು ಕಾಕಾ. "ಇದು ಉಣ್ಣೂ ಸಾಮಾನು. ಸುಮ್ನಿರು."

ಹೊರಗಿನ ಪೆಟ್ಟು ಒಳಗೆ ಬಿರುಕು ಬಿಟ್ಟಿದೆಯೇ ಎಂಬುದನ್ನು ತಿಳಿಯಲು ಮೇಸ್ತ್ರಿಯವರದು ಒಂದು ಪದ್ಧತಿಯಿತ್ತು. ಸಾಮಾನನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ, ತೆಗೆದು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಬಿಳಿ ಪುಡಿ ಸವರುವುದು. ಬಿರುಕಿದ್ದರೆ ಅದರೊಳಗೆ ಹೊಕ್ಕ ಎಣ್ಣೆ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಅಂದು ಅವರ ಚೀಲದಲ್ಲಿ ಸೀಮೆಸುಣ್ಣವಿರಲಿಲ್ಲ. ಕಕ್ಕಿ ಒಳಗೆ ಹೋಗಿ ಒಂದು ವಿಭೂತಿ ಗಟ್ಟಿಯನ್ನು ತಂದು ಚಾಕುವಿನಿಂದ ಕೆರೆದುಕೊಟ್ಟರು.

ಮೊದಲು ಲೈನರ್. ಪುಡಿ ಸವರಿ ಸ್ವಲ್ಪ ಹೊತ್ತಾದ ಮೇಲೆ ಅದರ ಮೇಲೆ ಒಂದಲ್ಲ, ಮೂರು ಕಪ್ಪು ಗೆರೆಗಳು ಎದ್ದವು. ಕಾಕಾ ಅವರ ಮುಖ ಬಿಳಿಚಿಕೊಂಡಿತು. ಮೇಸ್ತ್ರಿಯವರು ಬಗ್ಗಿ ನೋಡಿದರು, ತಮ್ಮ ಮೂರು ಬೆರಳುಗಳನ್ನು ಆ ಗೆರೆಗಳ ಮೇಲಿಟ್ಟು ಅಳೆದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲಾರಂಭಿಸಿದರು.

"ಕಾಕಾ, ಮುಂಜಾನೆ ಇದಕ್ಕ ವಿಭೂತಿ ಹಚ್ಚೀರಿಲ್ಲೋ?"

"ಹಚ್ಚಲಾರದ ಹೊಸಾ ಕಬ್ಬಿಣ ಹ್ಯಾಂಗ ಮುಟ್ಟಸತಿ ಲೇ?"

"ತೊಯ್ಸಿ ಹಚ್ಚೀರಿ. ಒರಸಿದ್ರೂ ಹೋಗಿಲ್ಲ, ಅದ ಎಣ್ಣಿ ಕುಡದೈತಿ. ಮೂರ ಬೆರಳಿನ ಬಿರುಕು ನಾ ಹುಟ್ಟಿದಾಗಿಂದ ನೋಡಿಲ್ರಿ!"

ಕಕ್ಕಿಯೂ ನಕ್ಕರು. ಎಲ್ಲ ಸಾಮಾನುಗಳನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಲಾಯಿತು. ಲೈನರ್ ಮೇಲೆ ಗೆರೆ ಮೂಡಲಿಲ್ಲ. ಅದರ ಕೆರೆತ ಹೊರಮೈಯದಷ್ಟೇ, ಎಂಜಿನ್ನನ್ನು ತಂಪಾಗಿಡುವ ನೀರಿನ ಬದಿಗೆ ಬರುವಂಥದ್ದು. ಪಿಸ್ಟನ್ ಓಡಾಡುವ ಒಳಮೈ ಕನ್ನಡಿಯಂತಿತ್ತು. ಕವರಿನ ತಗ್ಗನ್ನು ಮೇಸ್ತ್ರಿಯವರು ಕಟ್ಟಿಗೆಯ ಸುತ್ತಿಗೆಯಿಂದ ತಟ್ಟಿ, ಅಂಚನ್ನು ಗಾಜಿನ ಮೇಲಿಟ್ಟು ಸಮವಿದೆಯೆಂದು ತೋರಿಸಿದರು. ಈ ಎರಡನ್ನೂ ಬಳಸಲು ಕಾಕಾ ತಕ್ಷಣವೇ ಒಪ್ಪಿಗೆ ನೀಡಿದರು. ನೋಟಕ್ಕೆ ಕೆಟ್ಟಿವೆ, ಕೆಲಸಕ್ಕೆ ಕೆಟ್ಟಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ಉಳಿದದ್ದು ರಾಡು. ಅದರ ಮೇಲೂ ಗೆರೆ ಮೂಡಲಿಲ್ಲ.

"ನೋಡ್ರಿ, ದೇವರ ಪಾಸ್ ಮಾಡ್ಯಾನ" ಎಂದರು ಮೇಸ್ತ್ರಿ. "ಮ್ಯಾಲಿನ ಗೀರ ಐತಿ. ಎಮರಿ ಪೇಪರಿಲೆ ತಿಕ್ಕಿದ್ರ ಆತು. ಸಂಜೀಕ ಎಂಜಿನ್ ಹತ್ತಸತೇನಿ, ನಾಳಿಗೆ ನೀವು ಹೊಂಬಳದಾಗ."

ಕಾಕಾ ರಾಡನ್ನು ಕೈಗೆತ್ತಿಕೊಂಡು ಗೀರಿನ ಮೇಲೆ ಹೆಬ್ಬೆರಳಿನ ಉಗುರನ್ನು ಎಳೆದರು. ಉಗುರು ಸ್ವಲ್ಪವೇ ತಡೆಯಿತು. ಮತ್ತೆ ಎಳೆದರು...

"ದೇವರು ಇವತ್ತಿನದಷ್ಟ ಹೇಳ್ಯಾನ" ಎಂದರು. "ಬಟ್ಟಿ ಅಂಗಡ್ಯಾಂವ ಅರಬಿಗೆ ಕತ್ತರಿಲೆ ಒಂದ ಕಚ್ಚ ಹಾಕಿ, ಆಮ್ಯಾಲ ಕೈಲೇ ಟರ್ ಅಂತ ಹರೀತಾನ. ಉದ್ದಕ್ಕ ಇದ್ದಿದ್ರ ನಾ ಮಾತಾಡ್ತಿದ್ದಿಲ್ಲ. ಇದು ಅಡ್ಡ ಐತಿ."

"ಅರಬಿ ಬ್ಯಾರೆ, ಉಕ್ಕ ಬ್ಯಾರೆ ಕಾಕಾ. ಇಂಥಾವು ಎಷ್ಟ ಹಾಕೇನಿ ನಾನು."

"ನೀ ಹಾಕಿರಬೇಕು. ನಿನ್ನ ಮಾತ ಖರೇನ ಇರಬೇಕು. ನನಗ ಇದು ಬರೇ ನೋಟದ್ದು ಅಂತ ಹೇಳಾಕ ಬಾಯಿ ಬರವಲ್ದು."

ಕಕ್ಕಿಗೆ ಸಿಟ್ಟು ಬಂದಿತು. ಹಳೆಯ ರಾಡು ಬಗ್ಗಿದ್ದರಿಂದ ಅದನ್ನು ಮರಳಿ ಹಾಕುವಂತಿರಲಿಲ್ಲ. ವಾರದ ಮೇಲೆ ಕಾದರೆ ಇದೇ ಕಸುಬಿನ ಶಿರಹಟ್ಟಿಯವರ ಯಂತ್ರ ಹೊಂಬಳಕ್ಕೆ ಹೋಗುವುದು ನಿಶ್ಚಿತವಾಗಿತ್ತು. "ಒಂದ ಗೀರಿಗೆ ಹೆದರಿ ಓಣಿ ಬಿಟ್ಟಕೊಡ್ತಾರಂತ. ಮೀಸಿ ಯಾತಕ್ಕರ ಐತೋ!" ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಕಾಕಾ ರಾಡನ್ನು ಬಟ್ಟೆಯಲ್ಲಿ ಸುತ್ತತೊಡಗಿದರು.

ರಾಡನ್ನು ಮರಳಿಸಲು ನಾವಿಬ್ಬರೂ ನನ್ನ ಮೋಟಾರ್ ಸೈಕಲ್ ಮೇಲೆ ಗದಗಕ್ಕೆ ಹೊರಟೆವು. ರಾಡು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ತೊಡೆಯ ಮೇಲಿತ್ತು. ದಾರಿಯಲ್ಲಿ ನಾನು, ಮೇಸ್ತ್ರಿಯವರು ಅನುಭವಸ್ಥರು, ಅವರ ಮಾತನ್ನು ಕೇಳಬಹುದಾಗಿತ್ತಲ್ಲವೇ ಎಂದು ವಿಚಾರಿಸಿದೆ.

"ಸಾಹೇಬ್ರ, ಓಡೂವಾಗ ರಾಡ್ ಮುರದ್ರ ಅದು ಒಳಗ ಕುಂದರೂದಿಲ್ಲ. ಎಂಜಿನ್ನಿನ ಹೊಟ್ಟಿ ಒಡಕೊಂಡ ಹೊರಗ ಬರತೈತಿ. ಕವರ್ ಇರೂ ಬದಿಗೆ." ಎಂದರು ಕಾಕಾ. "ಆ ಬದಿಗೆ ಆಕಿ ನಿಂದರತಾಳ."

ಹಾಗಿದ್ದರೆ ಕಕ್ಕಿಗೆ ಇದನ್ನು ತಿಳಿಸಬೇಕೆಂದು ನಾನು ಸೂಚಿಸಿದೆ.

"ಬ್ಯಾಡ್ರಿ. ಹೆದರಿದ ಮನಶಾರು ಬೆಲ್ಟಿನ ಹತ್ರ ನಿಂದರಬಾರದು. ನನ್ನ ಮೀಸಿ ಮ್ಯಾಲ ಹೋಗ್ಲಿ ಬಿಡ್ರಿ ಅದು."

ರಾಡನ್ನು ಕಂಪನಿಗೆ ಹಿಂದಿರುಗಿಸುವುದಾಗಿ ಅಂಗಡಿಯವರು ಭರವಸೆ ನೀಡಿದರು. ಹಿಂದಿರುಗಿಸಿದರೋ, ಬೇರೆಯವರಿಗೆ ಕೊಟ್ಟರೋ, ನಾನು ಖಚಿತವಾಗಿ ಹೇಳಲಾರೆ. ಬದಲಿ ರಾಡು ತಡವಾಗಿಯೇ ಬಂದಿತು. ನಿರೀಕ್ಷಿಸಿದಂತೆ ಹೊಂಬಳದ ಓಣಿ ಆ ವರ್ಷ ಕೈತಪ್ಪಿತು; ಕಾಕಾ ಯಂತ್ರವನ್ನು ದೂರದ ಮುಂಡರಗಿಯ ಕಡೆಗೆ ಎಳೆಸಿಕೊಂಡು ಹೋಗಬೇಕಾಯಿತು. ಕೆರೆದ ಲೈನರ್, ತಟ್ಟಿದ ಕವರು ಎರಡೂ ಅದೇ ಎಂಜಿನ್ನಿನಲ್ಲಿ ಹಲವು ಬೇಸಿಗೆ ಯಾವ ತಕರಾರೂ ಇಲ್ಲದೆ ನಡೆದವು. ಆ ರಾಡನ್ನು ಹಾಕಿದ್ದರೆ ಅದೂ ಹಾಗೆಯೇ ನಡೆಯುತ್ತಿತ್ತೇನೋ... ಈ ಬಗ್ಗೆ ನನ್ನಲ್ಲಿ ಯಾವುದೇ ಆಧಾರವಿರುವುದಿಲ್ಲ. ಮೇಸ್ತ್ರಿಯವರ ಮಾತು ತಪ್ಪೆಂದು ಸಾಬೀತಾಗಲಿಲ್ಲ, ಕಾಕಾ ಅವರದೂ ಸರಿಯೆಂದು ಸಾಬೀತಾಗಲಿಲ್ಲ. ಕಕ್ಕಿ ಮಾತ್ರ ಯಾರ ಮನೆಯ ಮುಂದೆ ಯಂತ್ರ ನಿಂತರೂ "ನಮ್ಮವರು ಗೀರಿಗೆ ಹೆದರೂ ಗಂಡಸರು" ಎಂದು ಹೆಂಗಸರೆದುರು ಹೇಳಿ ನಗಿಸುತ್ತಿದ್ದರು. ಕಾಕಾ ಹ್ಯಾಂಡಲ್ ಹಿಡಿದು ತಾವೂ ನಗುತ್ತಿದ್ದರು.

ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಯಂತ್ರವನ್ನು ಕಕ್ಕಿ ಮಾರಿದರು. ನಾನು ಗದಗದಲ್ಲಿಯೇ ಮನೆ ಮಾಡಿಕೊಂಡಿರುವುದರಿಂದ ಹರ್ತಿಗೆ ಹೋಗುವುದು ಅಪರೂಪವಾಗಿದೆ. ಕಳೆದ ವಾರ ಆ ಓಣಿಯಿಂದ ಹೊರಬಂದವನು ಮನೆಗೆ ಹೋಗದೆ ನೇರವಾಗಿ ಹರ್ತಿಯ ಬಸ್ಸು ಹತ್ತಿದೆ. ಕಕ್ಕಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮಾತಿನ ನಡುವೆ ಗೀರಿನ ವಿಷಯವನ್ನು ಅವರೇ ತೆಗೆದು ಎಂದಿನಂತೆ ನಕ್ಕರು. ಇನ್ನು ಯಾರಿಗಾಗಿ ಮುಚ್ಚಿಡಬೇಕೆಂದು ನನಗನ್ನಿಸಿತು. ಮೋಟಾರ್ ಸೈಕಲ್ ಮೇಲೆ ಕಾಕಾ ಅವರು ಆಡಿದ ಮಾತನ್ನು ಅವರು ಆಡಿದಂತೆಯೇ ತಿಳಿಸಿದೆ.

ಕಕ್ಕಿಯ ಕೈ ನಿಂತಿತು.

"ಹುಚ್ಚ ಮನಶಾ" ಎಂದರು. "ನನಗ ಹೇಳಿದ್ರ ಅದ ರಾಡ್ ಹಾಕಿ ಯಂತ್ರ ಹೊಳ್ಳಿಸಿ ನಿಲ್ಲಸತಿದ್ದಿವಿ. ಡಬ್ಬಿ ಈ ಕಡಿ, ಹ್ಯಾಂಡಲ್ ಆ ಕಡಿ. ಹೊಂಬಳದ ಓಣೀನೂ ಉಳೀತಿತ್ತು."

ಎರಡು ಶೇಂಗಾ ಕಾಯಿಗಳನ್ನು ಕಟ್ಟೆಯ ಮೇಲೆ ಎದುರುಬದುರು ಇಟ್ಟರು. ಅವುಗಳನ್ನು ಅದಲುಬದಲು ಮಾಡಿ ನೋಡಿದರು. ಬೆರಳು ಅಲ್ಲಿಯೇ ತಡೆಯಿತು.

"ಇಲ್ರೀ..." ಎಂದರು. "ಹಂಗ ಮಾಡಿದ್ರ ಆ ಬದಿಗೆ ಅವರು ಬರತಿದ್ರು. ಅದೂ ಬ್ಯಾಡ."

ಕಾಯಿಗಳನ್ನು ಮೊದಲಿನ ಜಾಗಕ್ಕೇ ಸರಿಸಿದರು. ಈ ಮಾತನ್ನು ಕಾಕಾ ಕೇಳಬೇಕಾಗಿತ್ತು... ಕೇಳಿಸಲು ಅವರಿಲ್ಲವೆಂಬುದನ್ನು ವಿಷಾದದಿಂದ ಇಲ್ಲಿ ದಾಖಲಿಸುತ್ತೇನೆ.