ಗೋಡೆಯಾಚೆಯ ಮೆಲುಕು

ನಾವೆಲ್ಲ ಅವರನ್ನು ಪುಡಿ ಮಾವ ಎನ್ನುತ್ತಿದ್ದೆವು. ನಾನು ಸಹಾಯಕನಾಗಿ ಸೇರಿದ ಸಂಶೋಧನಾ ತೋಟದಲ್ಲಿ, ಒಣಗಿದ ಜೋಳದ ದಂಟನ್ನು ಗಿರಣಿಗೆ ಹಾಕಿ ಹಿಟ್ಟಿನಂತೆ ಪುಡಿ ಮಾಡುವುದು ಅವರ ಕೆಲಸ. ಸಂಜೆ ಹೊರಬರುವಾಗ ಹುಬ್ಬು, ಕಿವಿ, ಅಂಗಿಯ ಕಾಲರು ಎಲ್ಲವೂ ದಂಟಿನ ಬಣ್ಣಕ್ಕೆ ತಿರುಗಿರುತ್ತಿದ್ದವು. ಗಿರಣಿಯ ಸದ್ದು ಪ್ರಯೋಗಾಲಯಕ್ಕೆ ಕೇಳಬಾರದೆಂದು ಆ ಕೋಣೆಗೆ ದಪ್ಪ ಬಾಗಿಲು, ಅವರ ಕಿವಿಗೆ ಮುಚ್ಚಳ. ಇಡೀ ದಿನ ಅವರೊಂದಿಗೆ ಯಾರೂ ಮಾತಾಡುವಂತಿರಲಿಲ್ಲ.

ಮನೆಗೆ ಹೋದರೂ ಅಷ್ಟೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಉಳಿದದ್ದು, ಕರುವಾಗಿದ್ದಾಗಿನಿಂದ ಹೆಂಡತಿ ಸಾಕಿದ್ದ ಒಂದು ಹಸು. ಮಲಗುವ ಕೋಣೆಗೂ ಕೊಟ್ಟಿಗೆಗೂ ನಡುವೆ ಒಂದೇ ಹಲಗೆಯ ಗೋಡೆ. ಆಚೆ ಹಸು ಮೆಲುಕು ಹಾಕುವ ಸದ್ದು ಕೇಳುತ್ತಾ ನಿದ್ದೆ ಹೋಗುವುದು ಅವರಿಗೆ ರೂಢಿಯಾಗಿತ್ತು. “ಮನೇಲಿ ಇನ್ನೊಬ್ಬರು ಇದಾರೆ ಅನ್ಸುತ್ತೆ,” ಎಂದು ಒಮ್ಮೆ ನನಗೆ ಹೇಳಿದ್ದರು.

ನಮ್ಮ ತೋಟದ ಜೋಳ ಕಾಳಿಗಲ್ಲ, ಇಂಧನಕ್ಕೆ. ಜೋಳದ ದಂಟನ್ನು ನೆಟ್ಟಗೆ ನಿಲ್ಲಿಸುವುದು ಲಿಗ್ನಿನ್ ಎಂಬ ಅಂಟು. ನಾರಿನೊಳಗಿನ ಸಕ್ಕರೆಯನ್ನು ಬಿಡಿಸಿ ಇಂಧನ ಮಾಡಲು ಹೊರಟರೆ ಅಡ್ಡ ಬರುವುದೂ ಅದೇ. ಪ್ರಯೋಗ ನಡೆಸುತ್ತಿದ್ದ ನಮ್ಮ ಮೇಡಂ ಬೀಜವನ್ನು ರಾಸಾಯನಿಕದಲ್ಲಿ ನೆನೆಸಿ, ಅದರ ವಂಶವಾಹಿಯಲ್ಲಿ ಬದಲಾವಣೆ ತಂದು, ಆ ಅಂಟು ಕಡಿಮೆಯಾದ ಗಿಡಗಳನ್ನು ಆರಿಸಿದ್ದರು. ಅವುಗಳ ಎಲೆಯ ನಡುನರ ಬಿಳಿಯ ಬದಲು ಕಂದು. ಜೋರು ಗಾಳಿ ಬೀಸಿದರೆ ಮೊದಲು ಮಲಗುವವೂ ಅವೇ.

“ಮಾಮೂಲಿ ದಂಟು ಹಾಕಿದ್ರೆ ಗಿರಣಿ ನಮ್ಮತ್ತೆ ಥರ ಕಿರುಚುತ್ತೆ. ಕಂದು ದಂಟಿಗೆ ಸುಮ್ಮನೆ ಗೊಣಗುತ್ತೆ, ಅಷ್ಟೇ,” ಎನ್ನುತ್ತಿದ್ದರು ಮಾವ.

ಹಸುವಿಗೆ ವಯಸ್ಸಾಗಿ ದವಡೆ ಹಲ್ಲು ಸವೆದವು. ಮೇವನ್ನು ಜಗಿಯಲಾರದೆ ಉಂಡೆ ಮಾಡಿ ಉಗುಳತೊಡಗಿತು. ಮಾವ ತಮಗೆ ಗೊತ್ತಿದ್ದ ವಿದ್ಯೆಯನ್ನೇ ಹೂಡಿದರು. ಮನೆಯ ಮೇವನ್ನು ತಂದು, ಮೇಡಂ ಒಪ್ಪಿಗೆ ಪಡೆದು, ಗಿರಣಿಯಲ್ಲಿ ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕಲಸಿ ಇಟ್ಟರು. ಹಸು ಬಾನಿಯನ್ನು ನೆಕ್ಕಿ ಖಾಲಿ ಮಾಡಿತು. ಮಾವ ಹಿಗ್ಗಿದರು. ಆದರೆ ಗೋಡೆಯಾಚೆಯ ಸದ್ದು ನಿಂತುಹೋಯಿತು. ಕೆಲವೇ ದಿನಗಳಲ್ಲಿ ಹಸು ತಲೆ ಎತ್ತುವುದನ್ನೂ ಬಿಟ್ಟಿತು.

ಪಶುವೈದ್ಯ ಬಂದು ಅದರ ಹೊಟ್ಟೆಯನ್ನು ಒತ್ತಿ ನೋಡಿದ. “ಬರೀ ಹಿಟ್ಟು ತಿನ್ನಿಸಿದ್ರೆ ಅದು ಮೆಲುಕು ಹಾಕೋದು ಏನನ್ನ, ಮಾವ? ಹೊಟ್ಟೆ ಹುಳಿಯಾಗಿದೆ. ಉದ್ದ ನಾರು ಬೇಕು. ಹೀಗೇ ಬಿಟ್ರೆ ಉಳಿಯೋಲ್ಲ.”

“ಉದ್ದ ಕೊಟ್ರೆ ಅಗಿಯೋಕೆ ಹಲ್ಲಿಲ್ಲ.”

“ಹಾಗಾದ್ರೆ ಉದ್ದವೂ ಇರಬೇಕು, ಮೆತ್ತಗೂ ಇರಬೇಕು. ಅಂಥದ್ದು ಹುಡುಕಿ.”

ಮರುದಿನ ಬೆಳಿಗ್ಗೆ ಮಾವ ಒಂದು ಕಂದು ದಂಟು ಹಿಡಿದು ಮೇಡಂ ಬಾಗಿಲಲ್ಲಿ ನಿಂತಿದ್ದರು. ಮಾದರಿ ತೆಗೆದ ಮೇಲೆ ಉಳಿದ ದಂಟನ್ನೆಲ್ಲ ನಾವು ಸುಡುತ್ತಿದ್ದೆವು. ಪ್ರಯೋಗದ ಗಿಡ ಗೇಟು ದಾಟಬಾರದೆಂಬುದು ನಿಯಮ.

“ಇದು ಮೋಟಾರಿಗೆ ಅಂತ ಬೆಳೆಸಿದ್ದು, ಮಾವ,” ಎಂದರು ಮೇಡಂ.

“ನಿಮ್ಮ ಮೋಟಾರಿಗೂ ನಮ್ಮ ಹಸುವಿಗೂ ಒಂದೇ ಕಾಯಿಲೆ, ಅಮ್ಮಾ. ಗಟ್ಟಿ ಇದ್ದದ್ದು ಕರಗೋಲ್ಲ.”

ಮೇಡಂ ನಗಲಿಲ್ಲ. ದಂಟನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿದರು. “ಇದನ್ನ ಹೊರಗೆ ಕಳಿಸೋಕೆ ನನ್ನಿಂದ ಆಗೋಲ್ಲ. ಹಸು ಒಳಗೆ ಬಂದ್ರೆ ಬೇಡ ಅನ್ನೋಲ್ಲ. ಆದ್ರೆ ತೆನೆ ಕತ್ತರಿಸಿದ್ದು ಮಾತ್ರ, ಬೀಜ ಅದರ ಹೊಟ್ಟೇಲಿ ಹೊರಗೆ ಹೋಗಬಾರದು. ಮೊದಲು ವಿಷ ಇದೆಯಾ ಅಂತ ಪರೀಕ್ಷೆ ಆಗಲಿ.”

ಪರೀಕ್ಷೆಯಲ್ಲಿ ತೊಂದರೆಯೇನೂ ಕಾಣಲಿಲ್ಲ. ಮಾವ ಹಸುವಿನ ಹಗ್ಗ ಹಿಡಿದು ಮೆಲ್ಲನೆ ಬಂದರು. ಗೇಟಿನವನು ಅಡ್ಡ ಬಂದ. “ಇದರ ಗುರುತಿನ ಚೀಟಿ ಎಲ್ಲಿ?”

“ಬಾಯಲ್ಲಿ ಹಲ್ಲೇ ಉಳಿದಿಲ್ಲ, ಚೀಟಿ ಎಲ್ಲಿಂದ ತರಲಿ?”

ತೋಟದ ಕಣದಲ್ಲಿ, ಮರದ ನೆರಳಿಗೆ ದಂಟು ಹರಡಿದೆವು. ಹಸು ಮೂಸಿತು, ಮುಖ ತಿರುಗಿಸಿತು. ಮಾವನ ಕೈ ಹಗ್ಗದ ಮೇಲೆ ಬಿಗಿಯಾಯಿತು. ಆಮೇಲೆ ಅದು ಒಂದು ದಂಟನ್ನು ನಾಲಿಗೆಯಿಂದ ಎಳೆದುಕೊಂಡಿತು. ಉಗುಳಲಿಲ್ಲ. ಅದು ಅಗಿಯುವುದನ್ನೇ ಕೇಳುತ್ತಿದ್ದ ಮಾವನಿಗೆ ನಾನು ಮಾತಾಡಿಸಿದ್ದು ಕೇಳಿಸಲೇ ಇಲ್ಲ. ಸಂಜೆ ಅದನ್ನು ಮನೆಗೆ ಹೊಡೆದುಕೊಂಡು ಹೋದರು.

ಮರುದಿನ ಗಿರಣಿ ಕೋಣೆಯ ಬಾಗಿಲಲ್ಲಿ ಅವರು ಸಿಕ್ಕಿದರು. ಕಣ್ಣು ಕೆಂಪಗಾಗಿದ್ದವು.

“ನಿದ್ದೆ ಬಂತಾ, ಮಾವ?”

“ಇಲ್ಲ ಕಣಪ್ಪ. ಮೆಲುಕು ಕೇಳ್ತಾ ಇದ್ದೆ.”

ಅಷ್ಟು ಹೇಳಿ ಕಿಟಕಿಯಿಂದ ಕಣದತ್ತ ನೋಡಿದರು. ಕಂದು ದಂಟಿನ ಬಣವೆ ಅವರ ಎದೆಯೆತ್ತರಕ್ಕೆ ಇತ್ತು; ಉಳಿದದ್ದು ಅಷ್ಟೇ. ಮುಂದಿನ ಹಂಗಾಮಿಗೆ ಪ್ರಯೋಗ ಬೇರೆ ಊರಿನ ತೋಟಕ್ಕೆ ಹೋಗುವುದು ಅವರಿಗೂ ಗೊತ್ತಿತ್ತು. ಅವರು ಕಿವಿಗೆ ಮುಚ್ಚಳ ಇಟ್ಟುಕೊಂಡು, ಒಳಗೆ ಹೋಗಿ, ಬಾಗಿಲು ಹಾಕಿಕೊಂಡರು.