ಅತ್ತಿಕುಂಟೆಯವಳು

ಜಯನಗರದಲ್ಲಿರುವ ನನ್ನ ತಮ್ಮನ ಮನೆಗೆ ಹೋದಾಗ ನಾನು ಎದುರಿನ ಪಾರ್ಕಿಗೆ ಕಾಲಿಡುವುದಿಲ್ಲ. ಒಂದು ಸಲ ಇಟ್ಟು ಸಾಕಾಗಿದೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ನಗುನಗುತ್ತಲೇ, "ನೀವು ಈ ಕಡೆಯವ್ರೇ ಅಂತೆ ಆಂಟಿ. ಲೇಔಟ್ ಆಗೋಕ್ ಮುಂಚೆ ಇಲ್ಲೆಲ್ಲ ಬರೀ ಕಾಡಂತೆ, ಏನೂ ಇರ್ಲಿಲ್ವಂತೆ, ಹೌದಾ?" ಎಂದು ಕೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಡಂತೆ ಕಾಡು. ಅವಳು ಕೂತಿದ್ದ ಜಾಗದಲ್ಲಿ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಎಮ್ಮೆಗಳ ಮೈ ತೊಳೆದಿದ್ದೇನೆ. ಅದು ಪಾರ್ಕಲ್ಲ, ಕುಂಟೆ. ಕುಂಟೆಯ ಏರಿಯ ಮೇಲೆ ಒಂದು ಅತ್ತಿಮರ ಇತ್ತು. ಅದರಿಂದಲೇ ನಮ್ಮೂರಿಗೆ ಅತ್ತಿಕುಂಟೆ ಎಂದು ಹೆಸರು. ದಿನಾ ಒಲೆ ಉರಿಯುತ್ತಿದ್ದ ಊರನ್ನು ಏನೂ ಇರಲಿಲ್ಲ ಅಂದುಬಿಟ್ಟಳು ಆ ಮಹಾತಾಯಿ.

ಏನಿತ್ತು ಅಂತ ಕೇಳಿದರೆ ಹೇಳುತ್ತೇನೆ. ಐವತ್ತರ ದಶಕದಲ್ಲಿ, ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ, ಲಾಲ್‌ಬಾಗಿನ ಕಡೆಯಿಂದ ಸಿದ್ದಾಪುರ ದಾಟಿ ಬಂದರೆ ಗಾಡಿದಾರಿ, ಎರಡೂ ಕಡೆ ರಾಗಿ, ರಾಗಿಯ ನಡುವೆ ಅವರೆ ಸಾಲು. ದಾರಿ ಮುಗಿಯುವಲ್ಲಿ ನಮ್ಮ ಕಣ, ಕುಂಟೆ, ಮಾರಮ್ಮನ ಗುಡಿ, ಎರಡು ಬೀದಿ. ಅಪ್ಪ ಊರಿನ ಯಜಮಾನ. ಯಜಮಾನ ಅಂದರೆ ದೊಡ್ಡ ಸಾಹುಕಾರ ಅಂದುಕೊಳ್ಳಬೇಡಿ. ಎರಡು ಮನೆಯವರು ನೀರಿಗೆ ಜಗಳವಾಡಿದರೆ ಮಧ್ಯೆ ಹೋಗಿ ಇಬ್ಬರ ಕೈಯಲ್ಲೂ ಬೈಸಿಕೊಳ್ಳುವ ಕೆಲಸ ಅದು.

ನಮ್ಮ ಕಡೆ ಮದುವೆಯಾದ ಹೆಂಗಸನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತೌರೂರೇ ಅವಳ ಹೆಸರು. ನಮ್ಮಮ್ಮ ಅರೆಕೆರೆಯವಳು. ದೊಡ್ಡಮ್ಮ ಬೇಗೂರಿನವಳು. ಅಮ್ಮನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ ಒಂದಿದೆ ಎಂದು ನನಗೆ ತಿಳಿದದ್ದೇ ಶಾಲೆಗೆ ಸೇರುವಾಗ ಮೇಷ್ಟ್ರು ಕೇಳಿದ ದಿನ. ಅಪ್ಪನೂ ಒಂದು ಗಳಿಗೆ ಯೋಚನೆ ಮಾಡಿ ಹೇಳಿದ. ನಾವು ಹುಡುಗಿಯರು ಸಂಸಾರದ ಆಟ ಆಡುವಾಗ ದೂರದ ಊರಿಗೆ ಸೊಸೆಯಾಗಿ ಹೋದಂತೆ ಆಡುತ್ತಿದ್ದೆವು. "ಬಾರೆ ಅತ್ತಿಕುಂಟೆಯವಳೆ, ನೀರ್ಗೋಗಾಣ" ಎಂದು ಕರೆದರೆ ಎಲ್ಲರೂ ಒಟ್ಟಿಗೆ ಓಗೊಟ್ಟು ಜಗಳಕ್ಕೆ ಬೀಳುತ್ತಿದ್ದೆವು. ಅದು ನಿಜವಾಗಿ ನನ್ನ ಹೆಸರಾಗುವ ದಿನ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಕಾಯುತ್ತಲೂ ಇದ್ದೆ.

ಇನ್ನೊಂದು ಪದ್ಧತಿ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಮದುವೆಯಲ್ಲಿ ಧಾರೆಗೆ ಮುಂಚೆ ಚಪ್ಪರದಡಿ ಕಂಬಳಿ ಹಾಸಿ, ಹಿತ್ತಾಳೆ ತಟ್ಟೆಯ ತುಂಬ ಎಲೆ ಅಡಿಕೆ ಇಟ್ಟು ಊರ ವೀಳ್ಯ ಕೊಡುತ್ತಿದ್ದರು. ಮೊದಲು ದೇವರಿಗೆ ಒಂದು ವೀಳ್ಯ. ಆಮೇಲೆ ಸುತ್ತಿನ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಕೂಗಬೇಕು. ಯಾವ ಊರಿನ ಮದುವೆಯಾದರೂ ಕೂಗುವ ಹಕ್ಕು ಒಂದೇ ಮನೆತನದ್ದು. ಆಗ ಅದು ಬೊಚ್ಚುಬಾಯಿಯ ಒಬ್ಬ ಮುದುಕನದಾಗಿತ್ತು. ಹೆಸರು ಕೂಗಿದ ಊರಿನ ಯಜಮಾನ ಎದ್ದು ಬಂದು, ಹೆಗಲ ಮೇಲಿನ ವಸ್ತ್ರ ತೆಗೆದು, ಎರಡೂ ಕೈ ಒಡ್ಡಿ ವೀಳ್ಯ ತೆಗೆದುಕೊಳ್ಳಬೇಕು. ಯಾವ ಊರು ಮುಂದೆ, ಯಾವ ಊರು ಹಿಂದೆ ಎಂದು ದೊಣ್ಣೆ ಹಿಡಿದು ಹೊಡೆದಾಡಿದ್ದೂ ಉಂಟು. ನಗಬೇಡಿ. ನಿಮ್ಮ ಛತ್ರಗಳಲ್ಲಿ ಮೊದಲ ಪಂಕ್ತಿಗೆ ನುಗ್ಗುವುದಿಲ್ಲವೇ? ಕೂಗಿದರೆ ಊರು ಇದೆ, ಕೂಗದಿದ್ದರೆ ಇಲ್ಲ, ಅಷ್ಟೆ. ಅಪ್ಪ ಅದಕ್ಕೆಂದೇ ಒಂದು ಬಿಳಿ ರುಮಾಲು ಒಗೆದು ಮಡಿಸಿ ಇಟ್ಟಿರುತ್ತಿದ್ದ.

ಲೇಔಟ್ ನಮ್ಮ ಕಡೆಗೆ ಬಂದಾಗ ಅಳತೆಯ ಸರಪಳಿ ಹಿಡಿದವರು ರಾಗಿಯ ಮೇಲೇ ನಡೆದರು. ಹೊಲ ಹೋಯಿತು. ಮನೆಗಳನ್ನು ಮಾತ್ರ ಬಿಟ್ಟರು. ಪರಿಹಾರದ ಮಾತು ಇಲ್ಲಿ ಎತ್ತುವುದಿಲ್ಲ, ಅದು ಬೇರೆಯೇ ಕೋಪ. ಕುಂಟೆಗೆ ಮಣ್ಣು ಸುರಿದರು, ಅತ್ತಿಮರ ಕಡಿದರು, ಕಣದ ಮೇಲೆ ಟಾರು ಹಾಕಿದರು. ಆಮೇಲೆ ಬಂದವು ಹೆಸರುಗಳು. ಹೆಸರು ಅನ್ನುವುದೇ ತಪ್ಪು: ಬ್ಲಾಕು, ಮೇನು, ಕ್ರಾಸು, ಎಲ್ಲಕ್ಕೂ ಒಂದೊಂದು ನಂಬರು. ದನಗಳಿಗಾದರೂ ನಾವು ಕೆಂಪಿ, ಕಾಳಿ ಅಂತ ಹೆಸರಿಡುತ್ತಿದ್ದೆವು. ಒಟ್ಟು ಬಡಾವಣೆಗೆ ಜಯನಗರ. ಅದು ಮಹಾರಾಜರ ಹೆಸರಿನಿಂದ ಬಂದದ್ದು ಎಂದು ಮೇಷ್ಟ್ರು ಹೇಳಿದಾಗ ಅಪ್ಪ, "ಅವ್ರಿಗೆ ಊರುಗಳ್ಗೇನ್ ಬರ ಮೇಷ್ಟ್ರೇ? ನಮ್ದೊಂದ್ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದ.

ಹೊಸ ಮನೆಗಳಿಗೆ ಬಸವನಗುಡಿಯ ಕಡೆಯಿಂದ ಆಫೀಸಿನವರು, ರಿಟೈರ್ ಆದವರು ಬಂದರು. ಅವರದೊಂದು ಸಂಘ ಆಯಿತು. ಅಪ್ಪ ಬಿಳಿ ರುಮಾಲು ಸುತ್ತಿಕೊಂಡು ಸಂಘದ ಹಿರಿಯರೊಬ್ಬರ ಮನೆಗೆ ಹೋದ. ನಾನೂ ಜೊತೆಗಿದ್ದೆ. ಅವರು ನಮ್ಮನ್ನು ವರಾಂಡದಲ್ಲೇ ನಿಲ್ಲಿಸಿ ಮಾತಾಡಿದರು.

"ಬುದ್ಧಿ, ಒಂದೇ ಒಂದ್ ರೋಡ್ಗೆ ಅತ್ತಿಕುಂಟೆ ಅಂತ ಬೋರ್ಡ್ ಹಾಕ್ಸಿ. ನಿಮ್ ಮನೆ ಮುಂದಿಂದು ಬ್ಯಾಡ. ನಮ್ ಮನೆ ಮುಂದಿಂದೇ ಸಾಕು," ಎಂದ ಅಪ್ಪ.

"ನೋಡಿ ಗೌಡ್ರೇ, ಇದು ಪ್ಲ್ಯಾನ್ಡ್ ಏರಿಯಾ. ನಂಬರ್ ಇದ್ರೆ ಅಡ್ರೆಸ್ ನೀಟಾಗಿರುತ್ತೆ. ನಾಳೆ ನಮ್ಮ ಮಗಳಿಗೆ ಗಂಡು ನೋಡೋವಾಗ ಕುಂಟೆ ಪಂಟೆ ಅಂತ ಅಡ್ರೆಸ್ ಕೊಡೋಕಾಗುತ್ತಾ?" ಎಂದರು ಅವರು. ದನಿ ಬಹಳ ಮೃದು. ಒಳಗಿನಿಂದ ಅವರ ಹೆಂಡತಿ ಬಂದು, "ಹಸು ಇದ್ಯಾ ನಿಮ್ಮನೇಲಿ? ನಾಳೆಯಿಂದ ಹಾಲು ಹಾಕ್ತೀರಾ?" ಎಂದು ಕೇಳಿದರು. ಊರಿನ ಹೆಸರು ಕೇಳಲು ಹೋದವನು ದಿನಾ ಹಾಲು ಹಾಕುವ ವರ್ತನೆ ಹಿಡಿದುಕೊಂಡು ಬಂದ. ಅವರ ಮಗಳಿಗೆ ಗಂಡು ಸಿಗಬೇಕು, ಅದಕ್ಕೆ ನಮ್ಮೂರಿನ ಹೆಸರು ಸಾಯಬೇಕು. ಇದು ಯಾವ ಸೀಮೆ ನ್ಯಾಯ ಎಂದು ಈಗಲೂ ಕೇಳುತ್ತೇನೆ.

ಅವರಾದರೂ ಹೊರಗಿನವರು. ನಮ್ಮವರು ಏನು ಮಾಡಿದರು ಕೇಳಿ. ಅರೆಕೆರೆಯಲ್ಲಿ ನನ್ನ ಸೋದರಮಾವನ ಮಗನ ಮದುವೆ. ವೀಳ್ಯ ಕೂಗುವ ಮುದುಕ ಎಲ್ಲ ಊರನ್ನೂ ಕೂಗಿದ, ಅತ್ತಿಕುಂಟೆಯನ್ನು ಹಾರಿಸಿದ. ಅಪ್ಪ ಎದ್ದು ನಿಲ್ಲಲು ಮಂಡಿಯ ಮೇಲೆ ಕೈ ಊರಿದ್ದವನು ಹಾಗೇ ಕೂತ. ಊಟ ಮಾಡದೆ ಹೊರಟು ಬಂದೆವು. ಮನೆಗೆ ಬಂದ ಮೇಲೆ ಅಪ್ಪ ಅಮ್ಮನಿಗೆ, "ನನ್ ಮಗಳ ಮದುವೆ ಬರ್ಲಿ. ನನ್ ಚಪ್ಪರ, ನನ್ ಎಲೆ ಅಡಿಕೆ. ಆವಾಗ ಅದೆಂಗ್ ಕೂಗಲ್ಲ ನೋಡ್ತೀನಿ," ಎಂದ.

ನನ್ನ ಮದುವೆ ಅರವತ್ತರ ದಶಕದ ನಡುವೆ ಆಯಿತು. ಗಂಡಿನವರದು ಕನಕಪುರದ ದಾರಿಯ ಒಂದು ಹಳ್ಳಿ. ಮನೆಯ ಮುಂದೆಯೇ ಚಪ್ಪರ. ಚಪ್ಪರದ ಒಂದು ಕಾಲು ಟಾರು ರಸ್ತೆಗೆ ಬಂದಿದೆ ಎಂದು ಎದುರು ಮನೆಯವರು ಬಂದು ಗೊಣಗಿ ಹೋದರು. ಆ ರಸ್ತೆ ನಮ್ಮ ಕಣ, ಸ್ವಾಮಿ. ನಮ್ಮ ಕಣದಲ್ಲಿ ನಮ್ಮ ಚಪ್ಪರ ಹಾಕಲು ನಿಮ್ಮನ್ನು ಕೇಳಬೇಕೇ?

ಹಸೆಯ ಮೇಲೆ ಬಾಸಿಂಗ ಕಟ್ಟಿಸಿಕೊಂಡು ಕೂತಿದ್ದೆ. ಮುದುಕ ಊರುಗಳನ್ನು ಕೂಗುತ್ತ ಬಂದ. ಅರೆಕೆರೆ ಆಯಿತು, ಬೇಗೂರು ಆಯಿತು, ಗಂಡಿನವರ ಊರೂ ಆಯಿತು. ಕೊನೆಗೆ ಒಂದು ವೀಳ್ಯ ಕೈಯಲ್ಲಿ ಹಿಡಿದು ಅಪ್ಪನ ಕಡೆ ನೋಡಿ, "ಜಯನಗರ," ಎಂದು ಕೂಗಿದ.

ಅಪ್ಪ ಏಳಲಿಲ್ಲ. "ಅತ್ತಿಕುಂಟೆ ಅನ್ನಿ ಯಜಮಾನ್ರೇ," ಎಂದ.

"ಎಲ್ಲಯ್ಯ ಐತೆ ಅತ್ತಿಕುಂಟೆ? ಕೈ ಮಾಡಿ ತೋರ್ಸು," ಎಂದ ಮುದುಕ. "ಕಣ ಇಲ್ಲ, ಕುಂಟೆ ಇಲ್ಲ, ಊರ್ಗೆಲ್ಲ ಒಂದ್ ಜೊತೆ ಎತ್ತಿಲ್ಲ. ಜಯನಗರ ಅಂತ ಕೂಗಿದ್ದೇ ನಿನ್ ಮುಖ ನೋಡಿ. ತಗೊಂತೀಯೋ, ತಟ್ಟೆ ಎತ್ಲೋ?"

ಹಿಂದಿನಿಂದ ಯಾರೋ, "ಹಾಳೂರ್ಗೆ ಉಳ್ದೋನೇ ಗೌಡ," ಎಂದರು. ಚಪ್ಪರದಲ್ಲಿ ನಗು ಹರಡಿತು. ಮಾರನೆಯ ವರ್ಷವೇ ನಕ್ಕವರ ಹೊಲಕ್ಕೂ ಸರಪಳಿ ಬಂತು, ಆಗ ಯಾರೂ ನಗಲಿಲ್ಲ, ಬಿಡಿ. ಗಂಡಿನ ಕಡೆಯ ಹಿರಿಯರು ಹೊತ್ತು ನೋಡಿದರು. ಜೋಯಿಸರು ಮುಹೂರ್ತ ಮೀರುತ್ತದೆ ಅಂದರು. ವೀಳ್ಯ ಮುಗಿಯದೆ ಧಾರೆ ಇಲ್ಲ. ತಗೊಬೇಡ ಅಪ್ಪ ಎಂದು ಕಿರುಚಬೇಕು ಅನ್ನಿಸಿತು ನನಗೆ. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ತೋಳನ್ನು ಬಲವಾಗಿ ಹಿಡಿದುಕೊಂಡಳು. ಅಪ್ಪ ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ಎದ್ದು, ಹೆಗಲ ವಸ್ತ್ರ ತೆಗೆದು, ಎರಡೂ ಕೈ ಒಡ್ಡಿ ಜಯನಗರದ ವೀಳ್ಯ ತೆಗೆದುಕೊಂಡ.

ಮುದುಕನ ಮೇಲೆ ನನಗೆ ಸಿಟ್ಟಿದೆ, ಸಂಘದವರ ಮೇಲೆ ಇದೆ, ಸರಪಳಿಯವರ ಮೇಲಂತೂ ಹೇಳುವುದೇ ಬೇಡ. ಆದರೆ ಅಪ್ಪ ಅದನ್ನು ನನಗೋಸ್ಕರ ತೆಗೆದುಕೊಂಡನಲ್ಲ, ಆ ಸಿಟ್ಟನ್ನು ಯಾರ ಮೇಲೆ ಹಾಕಲಿ?

ಗಂಡನ ಊರಿನಲ್ಲಿ ಕಾಲಿಟ್ಟ ದಿನದಿಂದ ನಾನು ಜಯನಗರದವಳು. ವೀಳ್ಯದಲ್ಲಿ ಕೂಗಿದ್ದು ಅದೇ ತಾನೇ. ಹೆಸರಿನ ಹಿಂದೆಯೇ ಚುಚ್ಚುಮಾತೂ ಬಂತು. ಸಗಣಿ ತಟ್ಟಲು ಹೋದರೆ, "ಜಯನಗರದವಳು, ಕೈ ಕೆಸರಾದಾತು," ಎನ್ನುವರು. ರಾಗಿ ಬೀಸಲು ಕೂತರೆ ನೋಡಲು ನಾಲ್ಕು ಜನ ಸೇರುವರು. ಅವರೆಲ್ಲರಿಗಿಂತ ಚೆನ್ನಾಗಿ ಬೀಸಿ ಎದ್ದರೂ ಹೆಸರು ಬದಲಾಗಲಿಲ್ಲ. "ನಾನು ಅತ್ತಿಕುಂಟೆಯವಳು," ಎಂದು ಬಾವಿಯ ಹತ್ತಿರ ಎಷ್ಟು ಸಲ ಹೇಳಿದೆನೋ. "ಅದ್ಯಾವೂರೇ? ಅಂಥಾದ್ದೊಂದು ಕೇಳೇ ಇಲ್ಲ," ಎನ್ನುತ್ತಿದ್ದರು. ಹೇಳಿ ಹೇಳಿ ಬಾಯಿ ಸೋತಿತು. ಜಯನಗರದವಳೇ ಎಂದು ಕರೆದರೆ ಏನು ಎಂದು ಓಗೊಡುವುದು ರೂಢಿಯಾಯಿತು. ಕೂಗಿದಾಗಲೆಲ್ಲ ಜಗಳವಾಡಿದರೆ ಬಾಳುವೆ ಆಗುತ್ತದೆಯೇ?

ಮೊದಲ ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತರುತ್ತೇನೆಂದು ಹೇಳಿ ಕಳಿಸಿದ್ದ. ಬೆಳಗಿನ ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಬಸ್ಸು ನಿಲ್ಲುವ ಅರಳಿಕಟ್ಟೆಯಿಂದ ನಮ್ಮ ಮನೆ ಕೂಗಳತೆ ದೂರ. ಬಾಗಿಲಲ್ಲಿ ನಿಂತು ನಿಂತು ಸಾಕಾಯಿತು, ಮಾಡಿದ ಅಡುಗೆ ಆರಿತು, ಅಪ್ಪನ ಸುಳಿವಿಲ್ಲ. ಹೊತ್ತು ಇಳಿಯುವಾಗ ಬಂದ. ಮೈ ಬೆವೆತು, ಕಾಲೆಲ್ಲ ಧೂಳು, ಬಾಗಿನದ ಮೊರ ಎದೆಗೆ ಅವಚಿಕೊಂಡಿದ್ದ.

"ಎಲ್ಲೋಗಿದ್ದೆ ಇಷ್ಟೊತ್ತು? ಮನೆ ಮರ್ತೋಯ್ತಾ ನಿಂಗೆ?" ಎಂದು ರೇಗಿದೆ. ಸಂಬಂಧ ನೋಡಲು ಬಂದಾಗ ಇದೇ ಜಗುಲಿಯ ಮೇಲೆ ಉಂಡು ಹೋದವನು.

ಅಪ್ಪ ಜಗುಲಿಯ ಮೇಲೆ ಕೂತು ರುಮಾಲಿನಲ್ಲಿ ಮುಖ ಒರೆಸಿಕೊಂಡ. "ಮನೆ ಗೊತ್ತಿತ್ತು ಕಣವ್ವ. ಸುಮ್ನೆ ಕೇಳ್ ನೋಡ್ದೆ. ಕಟ್ಟೆ ಮೇಲ್ ಕೂತಿದ್ದೋರ್ನ ಕೇಳ್ದೆ. ಬಾವಿ ತಾವ ಹೆಂಗಸ್ರುನ್ ಕೇಳ್ದೆ. ಅತ್ತಿಕುಂಟೆಯವಳ ಮನೆ ಯಾವ್ದು ಅಂತ ಬೀದಿ ಬೀದಿ ತಿರುಗ್ದೆ. ಅಂಥೋಳು ಈ ಊರಲ್ಲಿ ಯಾರೂ ಇಲ್ಲ ಅಂದ್ರು."

ಅಷ್ಟರಲ್ಲಿ ಅತ್ತೆ ಒಳಗಿನಿಂದ, "ಜಯನಗರದವಳೇ, ನಿಮ್ಮಪ್ಪಂಗೆ ಕಾಲ್ಗೆ ನೀರ್ ಕೊಟ್ಯೇನೇ?" ಎಂದು ಕೂಗಿದರು.

"ಕೊಡ್ತೀನಿ ಅತ್ತೆ," ಎಂದು ಓಗೊಟ್ಟೆ. ಅಪ್ಪ ನನ್ನ ಮುಖವನ್ನೇ ನೋಡುತ್ತ ಕೂತಿದ್ದ.